ಮೂರು ಹಾಳೆಗೆ ಹಂಚಿದ ಹೂವು

ನಮ್ಮ ಮನೆತನದಲ್ಲಿ ಹೇಳುವ ಕಥೆ ಹೀಗಿದೆ: ಕಮಲಾಪುರದ ಸೋದರಮಾವನಿಗೆ ಕಣ್ಣು ಮಂದವಾದವು, ಕೈ ಸೋತಿತು, ಅವನು ಬರೆಯುತ್ತಿದ್ದ ಹೂವು ಇನ್ನೇನು ಮರೆಯಾಗಬೇಕು ಅನ್ನುವಷ್ಟರಲ್ಲಿ ಅಕ್ಕನ ಮಗಳು ಬಂದು ಅದನ್ನು ಕಂಪ್ಯೂಟರಿಗೆ ಹಾಕಿ ಉಳಿಸಿದಳು. ಅಕ್ಕನ ಮಗಳು ಅಂದರೆ ನಾನು. ಈ ಕಥೆಯನ್ನು ಹೆಚ್ಚಾಗಿ ಹೇಳುವವಳು ಅತ್ತಿ, ಮಾಮಾನ ಹೆಂಡತಿ. ನೆಂಟರು ಬಂದರೆ ಚಹಾಕ್ಕಿಂತ ಮೊದಲು ಇದು ಬರುತ್ತದೆ.

ನನಗೆ ಈ ಕಥೆಯ ಮೇಲೆ ಆಕ್ಷೇಪಣೆಗಳಿವೆ. ಕಣ್ಣಿನ ವಿಷಯ ಮೊದಲು. ಮಾಮಾ ಮನೆಯ ಕಟ್ಟೆಯ ಮೇಲೆ ಕೂತು ಕಲಬುರಗಿ ಕಡೆಯಿಂದ ಬರುವ ಬಸ್ಸಿನ ಬೋರ್ಡನ್ನು ಈಗಲೂ ನನಗಿಂತ ಮೊದಲು ಓದುತ್ತಾನೆ. ಕನ್ನಡಕ ಹಾಕಿಕೊಂಡವಳು ನಾನು. ಇನ್ನು ಕೈ. ಹೋದ ತಿಂಗಳು ಒಂದು ಹಿಟ್ಟಿನ ಗಿರಣಿಯ ಹೆಸರು ಬರೆದ. ದಾರ ಹಿಡಿಯದೆ, ಗೆರೆ ಹಾಕದೆ ಬರೆದ. ಒಂದಕ್ಷರವೂ ಬಾಗಿಲ್ಲ. ಉಳಿದದ್ದು ‘ಉಳಿಸಿದಳು’ ಎಂಬ ಮಾತು. ಒಂದನ್ನು ಉಳಿಸಬೇಕಾದರೆ ಅದು ಮೊದಲೇ ಹೋಗುತ್ತಿರಬೇಕು. ಹೋಗುತ್ತಿರಲಿಲ್ಲ. ನಾನು ಕೈ ಹಾಕುವ ಹಿಂದಿನ ವಾರ ಎದುರು ಮನೆಯವರ ಟ್ರ್ಯಾಕ್ಟರ್ ಟ್ರ್ಯಾಲಿಯ ಹಿಂಬದಿಗೆ ಮಾಮಾ ಹನ್ನೆರಡು ಹೂವು ಬರೆದಿದ್ದ.

ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ಹೋದವಳು ನಾನು. ಎದುರು ಪಕ್ಷದವರು ಏನೇ ಹೇಳಲಿ, ಯಾವುದು ಮೊದಲಾಯಿತು ಯಾವುದು ಆಮೇಲಾಯಿತು ಎಂದು ಕೇಳಿ ಅಂತ ನಮಗೆ ಕಲಿಸಿದ್ದರು. ಹಾಗಾಗಿ ಆದ ಕ್ರಮದಲ್ಲೇ ಬರೆಯುತ್ತೇನೆ.

ಮಾಮಾ ಬೋರ್ಡು ಬರೆಯುವ ಪೇಂಟರ್. ಕಿರಾಣಿ ಅಂಗಡಿ, ಶಾಲೆಯ ಗೋಡೆ, ಟ್ರ್ಯಾಲಿಯ ಹಿಂಬದಿ, ಯಾವುದೂ ಆದೀತು. ಅಕ್ಷರವನ್ನು ಎಲ್ಲ ಪೇಂಟರುಗಳೂ ಬರೆಯುತ್ತಾರೆ. ಮಾಮಾನ ಕೆಲಸದ ಗುರುತು ಮೂಲೆಯ ಹೂವು. ಒಂದಿಂಚಿನ ಚಪ್ಪಟೆ ಬ್ರಷ್ಷಿನ ಒಂದು ಮೂಲೆಯನ್ನು ಕೆಂಪು ಬಣ್ಣಕ್ಕೆ, ಇನ್ನೊಂದು ಮೂಲೆಯನ್ನು ಬಿಳಿಗೆ ಅದ್ದುತ್ತಿದ್ದ. ಡಬ್ಬಿಯ ಮುಚ್ಚಳದ ಮೇಲೆ ಎರಡು ಸಲ ಹಿಂದೆ ಮುಂದೆ ಎಳೆದರೆ ನಡುವೆ ಎರಡೂ ಕೂಡುತ್ತಿದ್ದವು. ಆಮೇಲೆ ಒತ್ತಿ, ಮಣಿಕಟ್ಟು ತಿರುಗಿಸಿ, ಎತ್ತಿಬಿಡುತ್ತಿದ್ದ. ಒಂದು ಎಸಳು ಆಯಿತು. ಬುಡಕ್ಕೆ ಕೆಂಪು, ಅಂಚಿಗೆ ಬಿಳಿ, ನಡುವೆ ಯಾವ ಡಬ್ಬಿಯಲ್ಲೂ ಸಿಗದ ಒಂದು ಗುಲಾಬಿ. ಇಂಥವು ಐದು, ನಡುವೆ ಹಳದಿ ಚುಕ್ಕೆ. ಅಷ್ಟು ಹೊತ್ತೂ ಯಾರದಾದರೂ ಜೊತೆ ಮಾತಾಡುತ್ತಲೇ ಇರುತ್ತಿದ್ದ, ಹೆಚ್ಚಾಗಿ ತಕರಾರು. ಹೂವಿನ ಕಡೆ ನೋಡಿದ್ದನ್ನು ನಾನು ಕಂಡಿಲ್ಲ.

ಕಮಲಾಪುರದ ಕೆಂಪು ಬಾಳೆ ಬೆಳೆಯುವ ಕೆಲವರು ಸೇರಿ ಸಂಘ ಮಾಡಿಕೊಂಡು ಹಣ್ಣನ್ನು ಪೆಟ್ಟಿಗೆಯಲ್ಲಿಟ್ಟು ಹೊರಗೆ ಕಳಿಸಲು ಹೊರಟಿದ್ದರು. ನಾನು ಡಿಸೈನರ್ ಆಗಿರುವ ಫ್ಲೆಕ್ಸ್ ಅಂಗಡಿ ಕಲಬುರಗಿಯಲ್ಲಿ, ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿದೆ. ಸಂಘದ ಕಾರ್ಯದರ್ಶಿ ಪೆಟ್ಟಿಗೆಯ ಲೇಬಲ್ ಮಾಡಿಸಲು ಅಲ್ಲಿಗೆ ಬಂದರು. ಲೇಬಲ್ಲಿನ ಸುತ್ತ ನಮ್ಮೂರ ಟ್ರ್ಯಾಲಿ ಹೂವು ಬರಬೇಕು ಎಂದರು. ಅದು ನಮ್ಮ ಮಾಮಾನದೇ ಎಂದೆ. ಅವರು ಕುರ್ಚಿ ಎಳೆದುಕೊಂಡು ಕೂತರು. ಲೇಬಲ್ ಆದ ಮೇಲೆ ಹಣ್ಣು ಪ್ಯಾಕ್ ಮಾಡುವ ಶೆಡ್ಡಿನ ಮುಂದಿನ ಗೋಡೆಗೆ ಅದೇ ಹೂವನ್ನು ಮಾಮಾನ ಕೈಯಿಂದಲೇ ಬರೆಸುವುದು ಎಂದು ಅಲ್ಲೇ ಮಾತಾಯಿತು.

ಮೂವತ್ತು ಅಡಿ ಗೋಡೆ, ರಸ್ತೆಗೆ ಮುಖ. ಮಾಮಾನ ಹೂವು ಅಲ್ಲಿಯವರೆಗೆ ಬೇರೆಯವರ ಹೆಸರಿನ ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಇದ್ದದ್ದು. ಗೋಡೆಯ ತುಂಬ ಅದೇ ಇರುವುದು ಮೊದಲ ಸಲ. ಫೋನಿನಲ್ಲಿ ಹೇಳಿದರೆ ಅವನು ‘ನೋಡೋಣ’ ಎಂದಷ್ಟೇ ಅಂದ. ಆದರೆ ಮರುದಿನ ಬೆಳಿಗ್ಗೆ ಹೋಗಿ ಗೋಡೆಯನ್ನು ಹೆಜ್ಜೆ ಹಾಕಿ ಅಳೆದು ಬಂದನಂತೆ, ಸಂಜೆ ಇನ್ನೊಮ್ಮೆ ಹೋದನಂತೆ. ಗೋಡೆ ಬೆಳೆದಿರಬಹುದು ಎಂದು ಅತ್ತಿ ಚೇಷ್ಟೆ ಮಾಡಿದಳು.

ಅಂಗಡಿಯಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯ ಡಿಸೈನರ್ ಒಬ್ಬರಿದ್ದಾರೆ. ಕಲಬುರಗಿಯ ರೋಜಾ ಬಡಾವಣೆಯವರು. ಎಲ್ಲರಿಗೂ ಭಾಯ್. ನನ್ನನ್ನು ಅವರು ವಕೀಲ್ ಸಾಬ್ ಅನ್ನುತ್ತಾರೆ, ಹೊಗಳಿಕೆಯಲ್ಲ. ಮಾಮಾನ ಹೂವನ್ನು ಬ್ರಷ್ ಮಾಡಿಬಿಡೋಣ ಎಂದು ನಾನು ಹೇಳಿದೆ. ಫೋಟೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಯಾವ ಚಿತ್ರವನ್ನಾದರೂ ಬ್ರಷ್ ಆಗಿ ಉಳಿಸಿಕೊಳ್ಳಬಹುದು. ಆಮೇಲೆ ಒಂದು ಕ್ಲಿಕ್ಕಿಗೆ ಒಂದು ಹೂವು, ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಗೆ.

“ಬ್ರಷ್ ಬಣ್ಣ ಇಟ್ಕೊಳ್ಳಂಗಿಲ್ಲ ವಕೀಲ್ ಸಾಬ್,” ಎಂದರು ಭಾಯ್. “ಬರೀ ಆಕಾರ ಇಟ್ಕೋತದ. ಬಣ್ಣ ನೀವು ಆಮ್ಯಾಲ ಕೊಡಬೇಕು, ಅದೂ ಒಂದೇ.”

ಒಂದು ಇಂಚಿನ ಹಂದಿಕೂದಲಿನ ಬ್ರಷ್ಷು ಎರಡು ಬಣ್ಣ ಹಿಡಿಯುತ್ತದೆ, ಇಷ್ಟು ದೊಡ್ಡ ಸಾಫ್ಟ್‌ವೇರಿಗೆ ಆಗುವುದಿಲ್ಲವೇ ಎಂದು ನಾನು ವಾದಿಸಿದೆ. ಇದಕ್ಕೆ ನನ್ನ ಬಳಿ ಪುರಾವೆ ಇರಲಿಲ್ಲ, ಆದರೆ ಪುರಾವೆ ಇಲ್ಲದ್ದು ನನ್ನನ್ನು ಯಾವತ್ತೂ ತಡೆದಿಲ್ಲ. ಭಾಯ್ ಮಧ್ಯಾಹ್ನದ ನಮಾಜಿಗೆ ಹೋಗಿ ಬಂದರು. ವಾದ ಅಲ್ಲೇ ಕೂತಿತ್ತು. ಕೊನೆಗೆ ಅವರು, ಕೇಳಿದರೆ ಒಂದು ದಾರಿ ಹೇಳುತ್ತೇನೆ ಎಂದರು. ಎದುರು ಪಕ್ಷದವರನ್ನು ದಾರಿ ಕೇಳುವ ಪದ್ಧತಿ ನಮ್ಮ ಕಾಲೇಜಿನಲ್ಲಿರಲಿಲ್ಲ. ನಾನು ಕೇಳಲಿಲ್ಲ.

ಆ ಭಾನುವಾರ ಕಮಲಾಪುರಕ್ಕೆ ಹೋಗಿ ಒಂದು ಬಿಳಿ ಡ್ರಾಯಿಂಗ್ ಹಾಳೆಯ ಮೇಲೆ ಹೂವು ಬರೆಸಿಕೊಂಡೆ. ಮಾಮಾ ಹಾಲಿನವನ ಜೊತೆ ನೀರಿನ ವಿಷಯ ಜಗಳ ಆಡುತ್ತ ಎರಡು ನಿಮಿಷದಲ್ಲಿ ಬರೆದು ಕೊಟ್ಟ. ಸೋಮವಾರ ಸ್ಕ್ಯಾನ್ ಮಾಡಿ, ಬ್ರಷ್ ಮಾಡಿ, ಭಾಯ್‌ಗೆ ಕಾಣುವ ಹಾಗೆ ಪರದೆ ತಿರುಗಿಸಿಟ್ಟುಕೊಂಡು ಕ್ಲಿಕ್ ಮಾಡಿದೆ.

ಬೂದು ಬಣ್ಣದ ಹೂವು ಬಂತು. ಸಾಫ್ಟ್‌ವೇರ್ ಚಿತ್ರವನ್ನು ಬ್ರಷ್ ಮಾಡುವಾಗ ಬಣ್ಣವನ್ನೆಲ್ಲ ತೆಗೆದುಹಾಕುತ್ತದೆ. ಗಾಢವಾಗಿದ್ದದ್ದು ದಟ್ಟವಾಗಿ ಉಳಿಯುತ್ತದೆ, ತಿಳಿಯಾಗಿದ್ದದ್ದು ತೆಳ್ಳಗಾಗುತ್ತದೆ, ಬಿಳಿ ಇದ್ದಲ್ಲಿ ಏನೂ ಉಳಿಯುವುದಿಲ್ಲ. ಕೆಂಪು ಬೂದಿಯಾಗಿತ್ತು. ಹಳದಿ ಚುಕ್ಕೆ ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಎಸಳಿನ ಬಿಳಿ ಅಂಚು, ಯಾವುದಕ್ಕಾಗಿ ಊರಿನವರು ಟ್ರ್ಯಾಲಿ ತಂದು ನಿಲ್ಲಿಸುತ್ತಿದ್ದರೋ ಅದು, ಪೂರಾ ಮಾಯ. ಕೆಂಪು ಆರಿಸಿ ಒತ್ತಿದರೆ ಪೂರಾ ಕೆಂಪು, ಹಸಿರು ಆರಿಸಿದರೆ ಪೂರಾ ಹಸಿರು. ಬಣ್ಣ ತಾನಾಗಿ ಬದಲಾಗುವ ಒಂದು ಸೆಟ್ಟಿಂಗ್ ಸಿಕ್ಕಿತು. ಅದನ್ನು ಹಾಕಿದರೆ ಒಂದು ಹೂವು ಕೆಂಪು ಬಂತು, ಮುಂದಿನದು ಬಿಳಿ ಬಂತು. ಒಂದೇ ಹೂವಿನಲ್ಲಿ ಎರಡೂ ಬರಲಿಲ್ಲ. ಭಾಯ್ ಅಡಿಕೆ ಬಾಯಿಗೆ ಹಾಕಿಕೊಂಡರು.

ಬೂದು ಹೂವಿನ ಒಂದು ಪ್ರಿಂಟನ್ನು ಮಾಮಾನಿಗೆ ತೋರಿಸಿದೆ. ಅವನು ಅದನ್ನು ದೂರ ಹಿಡಿದು ನೋಡಿದ.

“ಇದು ಯಾರ ಮಣ್ಣಿಗೆ ಹೊಂಟದವ್ವಾ?” ಎಂದ, ಹೆಣದ ಮೇಲಿನ ಹೂವಿನ ಬಗ್ಗೆ ಕೇಳುವ ಹಾಗೆ.

ಆಗ ನಾನು ಬೇರೆ ಉಪಾಯ ಮಾಡಿದೆ. ನಾನು ಕಂಡುಹಿಡಿದದ್ದೇನಲ್ಲ, ಬಹಳ ಜನ ಹೀಗೇ ಮಾಡುತ್ತಾರೆ: ಹೂವನ್ನು ಬಿಡಿಸಿ ಮೂರು ಬ್ರಷ್ ಮಾಡುವುದು. ಕೆಂಪು ಇರುವಷ್ಟು ಭಾಗ ಒಂದು, ಬಿಳಿ ಇರುವಷ್ಟು ಒಂದು, ಹಳದಿ ಚುಕ್ಕೆ ಒಂದು. ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೀ ಕಪ್ಪಿನಲ್ಲಿ ಬರೆದುಕೊಂಡು, ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಅದರದರ ಬಣ್ಣದಲ್ಲಿ ಒತ್ತಿದರೆ ಹೂವು ಕೂಡಿಕೊಳ್ಳುತ್ತದೆ. ಈ ಬಿಡಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿ ನಾನೇ ಮಾಡಬಹುದಿತ್ತು. ಆದರೆ ಹಾಗೆ ಮಾಡಿದರೆ ಅದು ನನ್ನ ಹೂವಾಗುತ್ತದೆ, ಮಾಮಾನದ್ದಾಗಿ ಉಳಿಯುವುದಿಲ್ಲ ಎಂಬ ತತ್ವ ಹೊಳೆಯಿತು. ತತ್ವಗಳು ನನಗೆ ಇಂಥ ಹೊತ್ತಿನಲ್ಲೇ ಹೊಳೆಯುತ್ತವೆ. ಮೂರು ಹಾಳೆಯನ್ನೂ ಮಾಮಾನೇ ಬರೆಯಬೇಕು ಎಂದು ತೀರ್ಮಾನಿಸಿದೆ.

ಕಟ್ಟೆಯ ಮೇಲೆ ಹಾಳೆ ಹರಡಿ, ಕಪ್ಪು ಬಣ್ಣದ ಡಬ್ಬಿ ಇಟ್ಟು, ಬಿಳಿ ಭಾಗವನ್ನಷ್ಟೇ ಬರೆ ಎಂದೆ.

“ಬಿಳೀದು ಬ್ಯಾರೆ ಎಲ್ಲದ?” ಎಂದ ಮಾಮಾ. “ಕೆಂಪು ಹ್ವಾದಲ್ಲಿ ಅದೂ ಹೋಗ್ತದ.”

“ಎಷ್ಟ್ ದೂರ ಹೋಗ್ತದ?”

“ಹೋದಷ್ಟು.”

ಇದು ಉತ್ತರವಲ್ಲ ಎಂದು ನಾನು ಹೇಳಿದೆ. ಬಣ್ಣದ ಡಬ್ಬಿಗಳನ್ನು ತರಿಸಿ, ಮಾಮೂಲಿನಂತೆ ಬರೆ, ನಾನು ನೋಡುತ್ತೇನೆ ಎಂದೆ. ಅವನು ಬ್ರಷ್ ಅದ್ದಿದ ಕೂಡಲೇ ನಿಲ್ಲಿಸಿದೆ. ಮೊದಲು ಅದ್ದಿದ್ದು ಕೆಂಪಿಗೋ ಬಿಳಿಗೋ? ಯಾವುದಾದರೂ ಆದೀತು ಎಂದ. ಯಾವುದೋ ಒಂದು ಮೊದಲು ಇರಲೇಬೇಕಲ್ಲ ಎಂದೆ. ಇರಬೇಕು ಎಂದು ಒಪ್ಪಿದ. ಯಾವುದು? ಅವನು ಬ್ರಷ್ಷನ್ನು ನೋಡಿದ. ಗೊತ್ತಾಗಲಿಲ್ಲ. ಮತ್ತೆ ಅದ್ದಿಸಿದೆ. ಬಿಳಿಗೆ ಮೊದಲು ಅದ್ದಿದ. ಪುಸ್ತಕದಲ್ಲಿ ಬರೆದುಕೊಂಡೆ. ಒತ್ತುವುದು ಎಷ್ಟು ಹೊತ್ತು? ಮೊದಲು ತಿರುಗುವುದು ಹೆಬ್ಬೆರಳೋ ಮಣಿಕಟ್ಟೋ? ಎತ್ತುವಾಗ ಯಾವ ಮೂಲೆ ಕೊನೆಗೆ ಬಿಡುತ್ತದೆ? ಒಂದೊಂದು ಪ್ರಶ್ನೆಗೂ ಕೈಯನ್ನು ನಡುವೆ ನಿಲ್ಲಿಸಿ ಉತ್ತರ ತೆಗೆದೆ. ಚರ್ಚೆಯಲ್ಲಿ ಎದುರಿನವರಿಗೆ ಪ್ರಶ್ನೆ ಹಾಕುವ ಸುತ್ತಿನಲ್ಲಿ ನನಗೆ ಯಾವಾಗಲೂ ಹೆಚ್ಚು ಅಂಕ ಬರುತ್ತಿದ್ದವು.

“ಪೊಲೀಸ್ ಠಾಣೆದವ್ರು ಇಷ್ಟ್ ಕೇಳಂಗಿಲ್ಲ,” ಎಂದು ಒಳಗಿನಿಂದ ಅತ್ತಿ ಹೇಳಿದಳು.

ಅವಳ ಮಾತಿಗೆ ಮಾಮಾ ನಕ್ಕ. ಅವನಿಗೆ ಬೇಸರವಾಗಿರಲಿಲ್ಲ ಎಂದು ನಾನು ದಾಖಲಿಸಬೇಕು. ಅವನ ಕೈಯ ಬಗ್ಗೆ ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಸಂಘದವರ ಲೇಬಲ್ ಚೆನ್ನಾಗಿ ಬಂದರೆ ಗೋಡೆಯ ಕೆಲಸ ಗಟ್ಟಿ ಎಂದು ಅವನ ಲೆಕ್ಕ. ಅದಕ್ಕಾಗಿ ಏನು ಬೇಕಾದರೂ ಬರೆಯಲು ಸಿದ್ಧನಿದ್ದ.

ಹೀಗೆ ಎರಡು ಭಾನುವಾರ ನಡೆಯಿತು. ಮೊದಲ ಭಾನುವಾರದ ಹಾಳೆಗಳೆಲ್ಲ ಕೆಟ್ಟವು. ಕೆಂಪು ಭಾಗ ಬರೆ ಎಂದರೆ ಪೂರಾ ಎಸಳು ಬರೆದುಬಿಡುತ್ತಿದ್ದ. ಬಿಳಿ ಅಂಚು ಬರೆ ಎಂದರೆ ಕೈ ತಾನೇ ಒಳಗೆ ತಿರುಗಿ ಕೆಂಪಿನ ಜಾಗಕ್ಕೂ ಹೋಗುತ್ತಿತ್ತು. ಕೆಟ್ಟ ಹಾಳೆಗಳನ್ನು ಅತ್ತಿ ಅಡುಗೆಮನೆಯ ಕಪಾಟಿಗೆ ಹಾಸಿದಳು. ಈಗಲೂ ಅಲ್ಲಿವೆ, ಮೇಲೆ ಉಪ್ಪಿನಕಾಯಿ ಭರಣಿ ಇವೆ. ಎರಡನೇ ಭಾನುವಾರ ಕೈಗೆ ಹತ್ತಿತು. ಬಿಳಿ ಅಂಚನ್ನಷ್ಟೇ, ಐದು ಎಸಳಿನದನ್ನೂ, ಕೆಂಪಿಲ್ಲದೆ ಬರೆದ. ಕುಡುಗೋಲಿನ ಹಾಗಿದ್ದ ಐದು ಗೆರೆ. ಆಮೇಲೆ ಕೆಂಪು, ಆಮೇಲೆ ಚುಕ್ಕೆ. ಆ ದಿನ ಹಾಲಿನವನು ಬಂದು ಹಾಲು ಹಾಕಿ ಹೋದ, ಮಾಮಾ ತಲೆ ಎತ್ತಲಿಲ್ಲ. ಕೈಯನ್ನೇ ನೋಡುತ್ತ ಬರೆಯುತ್ತಿದ್ದ. ಏಕಾಗ್ರತೆ ಸುಧಾರಿಸಿದೆ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಅಂಗಡಿಯಲ್ಲಿ ಮೂರು ಬ್ರಷ್ಷೂ ಸರಿಯಾಗಿ ಕೂತವು. ಕೆಂಪು ಒತ್ತಿ, ಅದರ ಮೇಲೆ ಬಿಳಿ ಒತ್ತಿ, ನಡುವಿನ ಸೇರುವ ಜಾಗವನ್ನು ಸ್ವಲ್ಪ ಮಸುಕು ಮಾಡಿದರೆ ಹತ್ತಿರ ಹತ್ತಿರ ಅದೇ ಗುಲಾಬಿ. ಭಾಯ್ ನೋಡಿ ಛಲೋ ಅದ ಎಂದರು. ಲೇಬಲ್ ಪ್ರಿಂಟಾಯಿತು, ಸಂಘದವರು ಮೆಚ್ಚಿದರು. ಮಾಮಾ ಒಂದು ಲೇಬಲ್ಲನ್ನು ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದ. ಆ ತಿಂಗಳ ಮೊದಲ ವಾರ ಯಾರಿಗೂ ತಾರೀಖು ಕಾಣಲಿಲ್ಲ.

ಗೋಡೆಯ ದಿನ ನಾನೂ ಹೋಗಿದ್ದೆ. ನೀಲಿ ಬಣ್ಣ ಹೊಡೆದು ಒಣಗಿಸಿಟ್ಟಿದ್ದರು. ಮಾಮಾ ಮೊದಲು ಸಂಘದ ಹೆಸರು ಬರೆದ. ಒಂದು ತಾಸಿನಲ್ಲಿ ಮುಗಿಯಿತು, ಕಾರ್ಯದರ್ಶಿಗಳು ರಸ್ತೆಯ ಆಚೆ ನಿಂತು ನೋಡಿ ತಲೆದೂಗಿದರು. ಆಮೇಲೆ ಹೂವಿಗೆಂದು ಚಪ್ಪಟೆ ಬ್ರಷ್ ತೆಗೆದುಕೊಂಡ. ಬಿಳಿಗೆ ಅದ್ದಿದ, ಕೆಂಪಿಗೆ ಅದ್ದಿದ, ಮುಚ್ಚಳದ ಮೇಲೆ ಎಳೆದ. ಗೋಡೆಯ ಹತ್ತಿರ ಒಯ್ದು ನಿಲ್ಲಿಸಿದ. ನನ್ನ ಕಡೆ ತಿರುಗಿದ.

“ಮೊದಲ ತಿರಗೋದು ಹೆಬ್ಬೆರಳು, ಅಲ್ಲೇನು?” ಎಂದ.

ನಾನು ಹೌದು ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು. ನಾನು ಹುಟ್ಟುವ ಮೊದಲಿನಿಂದ ಆ ಹೂವು ಬರೆಯುತ್ತಿದ್ದವನು ಅದರ ಬಗ್ಗೆ ನನ್ನನ್ನು ಕೇಳಿದ್ದು ಅದೇ ಮೊದಲು. ಆಗ ನನಗೆ ಹೆಮ್ಮೆ ಎನಿಸಿತು. ಇದನ್ನು ಬರೆಯದೆ ಬಿಡಬಹುದಿತ್ತು.

ಎಸಳು ಬಂತು, ಆದರೆ ಕೆಂಪೂ ಬಿಳಿಯೂ ಕಲಸಿ ಒಂದೇ ಗುಲಾಬಿಯಾಗಿ ಬಂತು, ಮಕ್ಕಳು ನಾಲಿಗೆ ಚಾಚಿದ ಹಾಗೆ. ಬಟ್ಟೆಯಿಂದ ಒರೆಸಿದ. ಇನ್ನೊಂದು ಬರೆದ. ಅಂಚಿನ ಬಿಳಿ ಬಿಳಿಯಾಗಿಯೇ ನಿಂತಿತು, ಕೆಂಪು ಕೆಂಪಾಗಿಯೇ ನಿಂತಿತು, ನಡುವೆ ಗೆರೆ ಎಳೆದಂತೆ ಸಂದು ಬಿತ್ತು. ಮೂರು ಹಾಳೆಯ ಹೂವು ಗೋಡೆಗೆ ಬಂದಿತ್ತು. ಅದನ್ನೂ ಒರೆಸಿದ. ನಾಲ್ಕನೆಯದಕ್ಕೆ ಬ್ರಷ್ ಸರಿಯಿಲ್ಲ ಎಂದ. ಐದನೆಯದಕ್ಕೆ ಬಿಸಿಲಿಗೆ ಬಣ್ಣ ಬೇಗ ಎಳೆದುಕೊಳ್ಳುತ್ತದೆ ಎಂದ. ನೀಲಿ ಗೋಡೆಯಲ್ಲಿ ಒರೆಸಿದ ಜಾಗ ಮಾತ್ರ ದೊಡ್ಡದಾಗುತ್ತ ಹೋಯಿತು.

ಕಾರ್ಯದರ್ಶಿಗಳು ಮರ್ಯಾದಸ್ಥರು. ಇರಲಿ ಬಿಡಿ, ಲೇಬಲ್ಲಿನ ಹೂವೇ ಇದೆಯಲ್ಲ, ಅದನ್ನೇ ದೊಡ್ಡದಾಗಿ ಪ್ರಿಂಟ್ ತೆಗೆದು ಅಂಟಿಸಿಬಿಡೋಣ ಎಂದರು. ಮಾಮಾನೂ ಹಾಗೇ ಮಾಡಿ ಎಂದ. ಮೂರು ದಿನದಲ್ಲಿ ನಮ್ಮ ಅಂಗಡಿಯಿಂದ ಮೂವತ್ತು ಅಡಿ ಉದ್ದದ ಸ್ಟಿಕ್ಕರ್ ಹೋಯಿತು. ಒರೆಸಿದ ಜಾಗಕ್ಕೆ ಮೊದಲು ಅಂಟಿಸಿದರು. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಮತ್ತು ಅತ್ತಿಯ ಕಥೆಗೆ ಅದೇ ಸಾಕ್ಷಿ.

ಅದಾದ ವಾರ, ಸಾಫ್ಟ್‌ವೇರಿನಲ್ಲಿ ಬಣ್ಣಗಳನ್ನು ಕಲಸುವ ಇನ್ನೊಂದು ಬಗೆಯ ಬ್ರಷ್ಷನ್ನು, ಮಿಕ್ಸರ್ ಬ್ರಷ್ಷನ್ನು, ಭಾಯ್ ಯಾವುದೋ ಮದುವೆ ಬ್ಯಾನರಿಗೆ ಬಳಸುತ್ತಿದ್ದರು. ನವಿಲುಗರಿಯ ನೀಲಿ, ಹಸಿರು ಎರಡೂ ಒಂದೇ ಎಳೆತಕ್ಕೆ ಬರುತ್ತಿದ್ದವು. ನಾನು ಎದ್ದು ಹೋಗಿ ನಿಂತೆ. ಏನಿಲ್ಲ ಎಂದು ತೋರಿಸಿದರು: ಮೇಲೆ ಒಂದು ಆಯ್ಕೆ ಇದೆ, ಒಂದೇ ಬಣ್ಣ ತುಂಬಿಕೋ ಎನ್ನುವುದು, ಅದರ ಟಿಕ್ ತೆಗೆಯಬೇಕು. ಆಮೇಲೆ ಚಿತ್ರದ ಮೇಲೆ ಎಲ್ಲಿ ಒತ್ತಿ ಹಿಡಿದರೆ ಅಲ್ಲಿರುವ ಬಣ್ಣಗಳೆಲ್ಲ ಇದ್ದ ಹಾಗೇ ತುಂಬಿಕೊಳ್ಳುತ್ತವೆ. ಒಂದು ಮೂಲೆಗೆ ಕೆಂಪು, ಒಂದು ಮೂಲೆಗೆ ಬಿಳಿ, ನಡುವೆ ಕೂಡಿದ್ದು. ಮಾಮಾನ ಚಪ್ಪಟೆ ಬ್ರಷ್ ಮಾಡುತ್ತಿದ್ದುದು ಅದನ್ನೇ. ಹಾಳೆ ಬೇಕಿರಲಿಲ್ಲ. ಕಪ್ಪು ಬಣ್ಣ ಬೇಕಿರಲಿಲ್ಲ. ಎದುರು ಮನೆಯ ಟ್ರ್ಯಾಲಿಯ ಹಿಂಬದಿಯನ್ನು ಫೋನಿನಲ್ಲಿ ಒಂದು ಫೋಟೋ ತೆಗೆದಿದ್ದರೆ ಸಾಕಿತ್ತು. ಆ ಎರಡೂ ಭಾನುವಾರ ಟ್ರ್ಯಾಲಿ ನಮ್ಮ ಎದುರಿಗೇ ನಿಂತಿತ್ತು. ನಾನು ಅದರ ಗಾಲಿಗೆ ಚೀಲ ಒರಗಿಸಿದ್ದೆ.

“ಮೊದಲ ಯಾಕ ಹೇಳ್ಲಿಲ್ಲ ಭಾಯ್?” ಎಂದೆ.

“ನೀವು ಕೇಳಿದ್ರೇನು?” ಎಂದರು. “ಬ್ರಷ್ ಬಣ್ಣ ಇಟ್ಕೋತದೋ ಇಲ್ಲೋ ಅಂತ ವಾದ ಹಾಕಿದ್ರಿ. ಉಳಿಸಿಟ್ಟ ಬ್ರಷ್ ಇಟ್ಕೊಳ್ಳಂಗಿಲ್ಲ, ಇವತ್ತೂ ಇಲ್ಲ. ಕೆಲಸ ಹ್ಯಾಂಗ ಮಾಡೋದು ಅಂತ ಕೇಳಿದ್ರ ಹೇಳ್ತಿದ್ದೆ.”

ವಾದದಲ್ಲಿ ಅವರೇ ಗೆದ್ದಿದ್ದರು. ನಾನು ನನ್ನ ಜಾಗಕ್ಕೆ ಹೋಗಿ ಕೂತೆ.

ಇದನ್ನು ಮಾಮಾನಿಗೆ ಹೇಳಲು ನನಗೆ ಸುಮಾರು ದಿನ ಹಿಡಿಯಿತು. ಬಸ್ಸು ಇರಲಿಲ್ಲ ಎಂದು ಹೇಳಲಾರೆ. ಕಮಲಾಪುರಕ್ಕೆ ಬಸ್ಸು ಬೇಕಾದಷ್ಟಿವೆ. ಹೋದ ಭಾನುವಾರ ಹೋದೆ. ನಾನು ಹೋದಾಗ ಒಬ್ಬರು ಹೊಸ ಟ್ರ್ಯಾಲಿ ತಂದು ನಿಲ್ಲಿಸಿದ್ದರು. ಮಾಮಾ ಹಿಂಬದಿಗೆ ಅವರ ಮನೆದೇವರ ಹೆಸರು ಬರೆದು ಮುಗಿಸಿದ್ದ, ನಾಲ್ಕು ಮೂಲೆ ಖಾಲಿ ಬಿಟ್ಟಿದ್ದ. ಹೂವು ಎಲ್ಲಿ ಎಂದು ಅವರು ಕೇಳಿದರು.

“ನಮ್ಮ ಹುಡುಗಿ ಅಂಗಡ್ಯಾಗ ಸ್ಟಿಕ್ಕರ್ ಸಿಗ್ತದ್ರೀ,” ಎಂದ ಮಾಮಾ. “ಕೈಲೆ ಬರದದ್ದಕ್ಕಿಂತ ಅದು ಛಲೋ. ಎಲ್ಲಾ ಒಂದೇ ಸಮ ಇರ್ತಾವ.”

ಅವರು ನನ್ನ ನಂಬರ್ ಬರೆದುಕೊಂಡು ಟ್ರ್ಯಾಲಿ ಹೊಡೆದುಕೊಂಡು ಹೋದರು. ಒಳಗೆ ಅತ್ತಿ ಪಕ್ಕದ ಮನೆಯವರಿಗೆ ಮಾಮಾನ ಕಣ್ಣಿಗೆ ಪೊರೆ ಬಂದ ಕಥೆ ಹೇಳುತ್ತಿದ್ದಳು; ಇಲ್ಲದ ಪೊರೆಗೆ ಆಪರೇಷನ್ ಬೇಡ ಎಂದು ಡಾಕ್ಟರು ಹೇಳಿದರು ಎಂಬಲ್ಲಿಗೆ ಕಥೆ ಬಂದಿತ್ತು. ಮಾಮಾ ಕಟ್ಟೆಯ ಮೇಲೆ ಕೂತು ಬ್ರಷ್ಷುಗಳನ್ನು ಟರ್ಪೆಂಟೈನಿನಲ್ಲಿ ತೊಳೆಯುತ್ತಿದ್ದ. ಅಕ್ಷರದ ಬ್ರಷ್ ತೊಳೆದ. ಆಮೇಲೆ ಚಪ್ಪಟೆ ಬ್ರಷ್ಷನ್ನೂ ತೊಳೆದ. ಅದಕ್ಕೆ ಆ ದಿನ ಬಣ್ಣವೇ ತಾಗಿರಲಿಲ್ಲ.

ನಾನು ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಟಿಕ್ ಹೇಳಿದೆ, ಮಿಕ್ಸರ್ ಬ್ರಷ್ ಹೇಳಿದೆ, ಮೂರು ಹಾಳೆ ಬೇಕಿರಲಿಲ್ಲ ಎಂದು ಹೇಳಿದೆ, ಟ್ರ್ಯಾಲಿಯ ಫೋಟೋ ಸಾಕಿತ್ತು ಎಂದು ಹೇಳಿದೆ. ಅವನು ಕೇಳಿಸಿಕೊಂಡು ಹೌದೇನು ಎಂದ. ಕೂದಲನ್ನು ಬಟ್ಟೆಯಲ್ಲಿ ಒತ್ತಿ, ಚಪ್ಪಟೆ ಮಾಡಿ, ಎರಡು ಮೂಲೆಯನ್ನೂ ಬೆರಳಿನಿಂದ ಸರಿಪಡಿಸಿದ. ಮೊದಲು ಒಂದು ಮೂಲೆ, ಆಮೇಲೆ ಇನ್ನೊಂದು. ಯಾವುದು ಮೊದಲು ಎಂದು ನಾನು ನೋಡಲಿಲ್ಲ.

“ಮಾಮಾ,” ಎಂದೆ, “ನಾ ಅಷ್ಟ್ ಕೇಳದೇ ಇದ್ದಿದ್ರ, ಆ ಗೋಡಿಗೆ ನಿನ್ನ ಕೈಲೆ ಹೂವ ಬರ್ತಿತ್ತೇನು?”